ಹಿಡ್ಕೊಳ್ಳೋ ಹೆಂಗಸು

ಪೊಲೀಸ್ ಸ್ಟೇಷನ್ನಿನವರು ನಮ್ಮನ್ನು ಕೇಳುವ ರೀತಿಯೇ ಒಂದು ಚೆಂದ. ನಮ್ಮ ಕಮಾಂಡರಿಗೆ ಫೋನು ಮಾಡಿ, "ನಾಳೆ ನಾಲ್ಕು ಹೋಂ ಗಾರ್ಡ್ ಕಳ್ಸಿ, ಒಂದು ಲೇಡಿ ಇರ್ಲಿ" ಅನ್ನುತ್ತಾರೆ, ಶಾಮಿಯಾನದವನಿಗೆ ಕುರ್ಚಿ ಹೇಳುವ ಹಾಗೆ. ಆ ಒಂದು ಲೇಡಿ ನಾನು. ವಕ್ಕಲೇರಿ ಹೋಬಳಿಯ ಒಂದು ಹಳ್ಳಿಯ ಸೊಸೆ. ಮಿಕ್ಕ ದಿನಗಳಲ್ಲಿ ಹಸು, ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳುವಿನ ಮನೆ. ಫೋನು ಬಂದ ದಿನ ಖಾಕಿ. ನಮ್ಮ ಕಮಾಂಡರೂ ಅಂಥವರೇ, ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಭಾನುವಾರ ಪರೇಡಿನಲ್ಲಿ ನಮ್ಮನ್ನು ಬಿಸಿಲಿಗೆ ನಿಲ್ಲಿಸಿ ಗದರುತ್ತಾರೆ, ಸೋಮವಾರ ಅಂಗಡಿಗೆ ಹೋದರೆ ಟೀ ತರಿಸಿ ಕೊಡುತ್ತಾರೆ.

ದೇಶಸೇವೆಗೆ ಅಂತ ಸೇರಿದೆ ಎಂದರೆ ಸುಳ್ಳಾಗುತ್ತದೆ. ನಾನು ಸೇರಿದ್ದು ನನ್ನ ಗಂಟಲಿನ ದೆಸೆಯಿಂದ. ರೇಷನ್ ಅಂಗಡಿಯ ಸಾಲಿನಲ್ಲಿ ಊರಿನ ದೊಡ್ಡ ಮನುಷ್ಯರೊಬ್ಬರು ಎಲ್ಲರನ್ನೂ ಬಿಟ್ಟು ಮುಂದೆ ನುಗ್ಗಿದರು. ನಾನು ಕೂಗಿದ ಕೂಗಿಗೆ ಅವರ ಜೊತೆ ಇನ್ನಿಬ್ಬರು ತಾವಾಗಿಯೇ ಹಿಂದಕ್ಕೆ ಹೋಗಿ ನಿಂತರು. ಕಮಾಂಡರು ಯಾರನ್ನೋ ನೋಡಲು ನಮ್ಮೂರಿಗೆ ಬಂದವರು ಅಲ್ಲೇ ನಿಂತಿದ್ದರು. "ಈ ಗಂಟಲು ಇಲ್ಲಿ ದಂಡ ಆಗ್ತಿದೆಯಲ್ಲಮ್ಮಾ" ಅಂದರು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅತ್ತೆ ಮಾತ್ರ, "ಪ್ಯಾಂಟ್ ಹಾಕ್ಕೊಂಡು ಊರೊಳಗೆ ಓಡಾಡ್ತೀಯೇನೇ?" ಎಂದು ಒಂದು ಸಲ ಕೇಳಿ, ಆಮೇಲೆ ಆ ಪ್ಯಾಂಟನ್ನು ತಾವೇ ಒಗೆದು, ಯಾರ ಕಣ್ಣಿಗೂ ಬೀಳದಂತೆ ಕೊಟ್ಟಿಗೆಯ ಹಿಂದೆ ಒಣಗಿಹಾಕತೊಡಗಿದರು.

ನಾವು ಪೊಲೀಸರಲ್ಲ. ಯಾರನ್ನೂ ಬಂಧಿಸುವ ಹಾಗಿಲ್ಲ, ಕೇಸು ಬರೆಯುವ ಹಾಗಿಲ್ಲ. ಬಂದೋಬಸ್ತಿಗೆ ಆಳು ಸಾಲದಾಗ ನಾವು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಯ ಮುಂದೆ ಲಾರಿಗಳನ್ನು ಸಾಲು ಹಿಡಿಸಬೇಕು. ಮುಳಬಾಗಿಲಿನಲ್ಲಿ ಪರೀಕ್ಷೆ ನಡೆಯುವ ಶಾಲೆಯ ಗೇಟು ಕಾಯಬೇಕು. ನರಸಾಪುರದಲ್ಲಿ ಶಿಫ್ಟು ಬಿಟ್ಟಾಗ ಕಂಪನಿ ಬಸ್ಸುಗಳೆಲ್ಲ ಒಂದೇ ಸಲ ರಸ್ತೆಗೆ ಬೀಳುತ್ತವೆ, ಆಗ ಸೀಟಿ ಊದಬೇಕು. ಜನಕ್ಕೆ ಇದೆಲ್ಲ ವ್ಯತ್ಯಾಸ ಗೊತ್ತಿಲ್ಲ. ಖಾಕಿ ಅಂದರೆ ಖಾಕಿ. ಮಂಡಿಯಲ್ಲಿ ನಾನು ಕೈ ಎತ್ತಿದರೆ ಆಂಧ್ರದ ಲಾರಿ ಡ್ರೈವರು, "ಸರೇ ಮೇಡಂ" ಎಂದು ಹಿಂದಕ್ಕೆ ತೆಗೆಯುತ್ತಾನೆ. ಅದು ನನಗೆ ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ನನ್ನನ್ನು ಮೇಡಂ ಅಂತ ಕರೆಯುತ್ತಿದ್ದವನು ಒಬ್ಬನೇ, ನನ್ನ ಮೈದುನ. ನಾನು ಮದುವೆಯಾಗಿ ಬಂದಾಗ ಹೈಸ್ಕೂಲು ಹುಡುಗ. ಆಮೇಲೆ ನರಸಾಪುರದ ಒಂದು ಕಂಪನಿಗೆ ಸೇರಿದ. ಕೊನೆಯ ಮಗ, ಅಮ್ಮನ ಮುದ್ದು. ಅತ್ತೆ ಮುಳಬಾಗಿಲಿನ ಆಚೆ, ಗಡಿ ಊರಿನವರು. ಮಕ್ಕಳ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಅಮ್ಮ ಮಗ ಅಡುಗೆಮನೆಯಲ್ಲಿ ತೆಲುಗಿನಲ್ಲಿ ಗುಸುಗುಸು ಅನ್ನುತ್ತಿದ್ದರೆ ನನಗೆ ಉರಿಯುತ್ತಿತ್ತು. ಮಾಲೂರು ಕಡೆಯಿಂದ ಬಂದ ನನಗೆ ಅಷ್ಟು ತೆಲುಗು ಬರುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು, ಆದರೂ. ನಾನು ಖಾಕಿ ಹಾಕಿ ಹೊರಟರೆ ಅವನು ಬಾಗಿಲಲ್ಲಿ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದ. "ಮೇಡಂ, ಮುದ್ದೆ ತಿಂದು ಮಲಗೋಕೆ ಪರ್ಮಿಷನ್ ಬೇಕಾಗಿತ್ತು." ಅವನಿಗೆ ಹೆಣ್ಣು ನೋಡುತ್ತಿದ್ದೆವು. ನೋಡಿದ ಹೆಣ್ಣುಗಳಿಗೆಲ್ಲ ಅತ್ತೆ ಒಂದೊಂದು ಐಬು ತೆಗೆಯುತ್ತಿದ್ದರು.

ನಾನು ಬಂದಾಗಿನಿಂದ ನಮ್ಮೂರ ಕೆರೆಯಲ್ಲಿ ನೀರು ಕಂಡಿರಲಿಲ್ಲ. ಕೆರೆ ಅಂದರೆ ಜಾಲಿ ಪೊದೆ, ಮೇಯುವ ಕುರಿ, ಏರಿಯ ಮೆಟ್ಟಿಲ ಎದುರಿಗೇ ಒಂದು ಕ್ರಿಕೆಟ್ ಪಿಚ್ಚು. ಮೈದುನ ಮತ್ತು ಅವನ ಗೆಳೆಯರು ಜೇಡಿಮಣ್ಣು ತಂದು, ತುಳಿದು, ಎತ್ತರ ಮಾಡಿ, ಕಲ್ಲಿನ ರೋಲರು ಎಳೆದು ಮಾಡಿದ ಪಿಚ್ಚು. ಸುತ್ತಲ ಊರಿನವರು ಅಲ್ಲಿಗೆ ಟೂರ್ನಮೆಂಟ್ ಆಡಲು ಬರುತ್ತಿದ್ದರು. ಆಮೇಲೆ ಮಾಲೂರು ಕಡೆಯ ಇಟ್ಟಿಗೆ ಗೂಡುಗಳಿಗೆ ಮಣ್ಣು ಬೇಕಾಗಿ ಟ್ರ್ಯಾಕ್ಟರುಗಳು ಬಂದವು. ಪಿಚ್ಚನ್ನು ಮಾತ್ರ ಮುಟ್ಟಕೂಡದು ಎಂದು ಹುಡುಗರು ಜಗಳವಾಡಿ ಉಳಿಸಿಕೊಂಡರು. ಅದರ ಆಚೆ ಒಂದು ಮನೆಯನ್ನೇ ಇಳಿಸಬಹುದಾದಷ್ಟು ಆಳದ ಗುಂಡಿ ಬಿತ್ತು. ಬ್ಯಾಟಿನ ಹೊಡೆತಕ್ಕೆ ಚೆಂಡು ಗುಂಡಿಗೆ ಬಿದ್ದರೆ ಔಟು ಎಂದು ನಿಯಮ ಮಾಡಿಕೊಂಡು ಆಡಿದರು.

ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಹರಿಸಿದರು. ಅದರ ಮೇಲೆ ಬಿಡದೆ ಮಳೆ ಹುಯ್ಯಿತು. ಕೆರೆ ತುಂಬಿ ಕೋಡಿ ಹರಿಯಿತು. ಮುದುಕರು ಏರಿಯ ಮೇಲೆ ಕೂತು ಬಾಯಿಬಿಟ್ಟು ಅತ್ತರು, ಹುಡುಗರು ಸೆಲ್ಫಿ ತೆಗೆದುಕೊಂಡರು. ಅತ್ತೆ ದಿನವೂ ಸಂಜೆ ಹೋಗಿ ಸುಮ್ಮನೆ ನೋಡಿ ಬರುತ್ತಿದ್ದರು. ಒಂದು ವಿಷಯ ಆಗ ಯಾರಿಗೂ ಹೊಳೆಯಲಿಲ್ಲ. ಊರಲ್ಲಿ ಈಜು ಬರುವವರೆಲ್ಲ ಮುದುಕರು. ಮಿಕ್ಕವರೆಲ್ಲ ಒಣಗಿದ ಕೆರೆಯಲ್ಲಿ ಬೆಳೆದವರು. ಕೆರೆಯ ತಳ ಅವರಿಗೆ ತಮ್ಮ ಮನೆಯ ಹಜಾರದಷ್ಟು ಗೊತ್ತು, ನೀರು ಗೊತ್ತಿಲ್ಲ.

ಕೋಡಿ ಹರಿದ ಮೇಲೆ ಬಾಗಿನ ಬಿಡಬೇಕು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಬೆಲ್ಲ ಇಟ್ಟು ಮುತ್ತೈದೆಯರು ಗಂಗಮ್ಮನಿಗೆ ಒಪ್ಪಿಸಬೇಕು. ಊರಿನವರು ದಿನ ಗೊತ್ತು ಮಾಡಿ ತಾಲೂಕಿನ ದೊಡ್ಡವರನ್ನೂ ಕರೆದರು. ದೊಡ್ಡವರು ಬರುತ್ತಾರೆ ಅಂದ ಮೇಲೆ ಬಂದೋಬಸ್ತು. ಕಮಾಂಡರು ಫೋನಿನಲ್ಲಿ, "ನಿಮ್ಮೂರೇ ಅಲ್ವೇನಮ್ಮಾ, ನಿನ್ನ ಮಾತು ಕೇಳ್ತಾರೆ. ನೀನೇ ಇರು" ಅಂದರು.

ಅಷ್ಟು ವರ್ಷ ಜನರನ್ನು ನೋಡಿದ ಮನುಷ್ಯ ಹಾಗೆ ಹೇಗೆ ಅಂದುಕೊಂಡರೋ. ಪರ ಊರಿನಲ್ಲಿ ನಾನು ಖಾಕಿ. ನನ್ನೂರಿನಲ್ಲಿ ನಾನು ಇಂಥವರ ಸೊಸೆ, ಇಂಥವರ ಹೆಂಡತಿ, ಹೋದ ವಾರ ಹುಳಕ್ಕೆ ಸೊಪ್ಪು ಸಾಲದೆ ಪಕ್ಕದ ತೋಟದವರ ಹತ್ತಿರ ಕೇಳಿದವಳು. ಬೆಳಿಗ್ಗೆ ಏರಿಯ ಮೇಲೆ ನಿಂತು, "ಕೆಳಗೆ ಇಳೀಬೇಡಿ, ಮೆಟ್ಟಿಲ ಹತ್ರಾನೇ ನಿಲ್ಲಿ" ಎಂದು ಕೂಗಿದರೆ, ಹಿರಿಯರೊಬ್ಬರು, "ಏ, ಸುಮ್ನಿರಮ್ಮ. ಮನೇಲಿ ಅತ್ತೆಗೆ ಹೆದರ್ತೀಯ, ಇಲ್ಲಿ ನಮ್ಮನ್ನ ಹೆದರಿಸ್ತೀಯಾ" ಅಂದರು. ಎಲ್ಲರೂ ನಕ್ಕರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ.

ದೊಡ್ಡವರು ಬಂದರು, ಮೊರ ಬಿಟ್ಟರು, ಫೋಟೋ ಆಯಿತು, ಕಾರು ಹತ್ತಿದರು. ಅವರ ಹಿಂದೆಯೇ ಪೊಲೀಸ್ ಜೀಪೂ ಹೋಯಿತು. ಉಳಿದವಳು ನಾನು, ಒಂದು ಸೀಟಿ, ಒಂದು ಬೆತ್ತ.

ಆಮೇಲೆ ಊರ ಹೆಂಗಸರ ಸರದಿ. ನಮ್ಮ ಮನೆಯ ಬಾಗಿನ ನಾನು ಬಿಡಬೇಕು, ಅತ್ತೆ ಗಂಡನನ್ನು ಕಳೆದುಕೊಂಡವರು. ನಾನು ಡ್ಯೂಟಿಯಲ್ಲಿದ್ದೆ. ಅತ್ತೆ ಮೊರ ಸಿದ್ಧ ಮಾಡಿ ತಾವೇ ಏರಿಗೆ ತಂದು, "ಟೋಪಿ ತೆಗ್ದು ಒಂದ್ ಗಳಿಗೆ ಸೊಸೆ ಆಗು, ಬಾ" ಅಂದರು. ನಾನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬೂಟು ಬಿಚ್ಚಿ, ಖಾಕಿಯಲ್ಲೇ ಮೆಟ್ಟಿಲಿಳಿದು ಮೊರವನ್ನು ನೀರಿಗೆ ಬಿಟ್ಟೆ. ಮತ್ತೆ ಬೂಟು ಹಾಕಿಕೊಂಡು ಬಂದು ನನ್ನ ಜಾಗದಲ್ಲಿ ನಿಂತೆ.

ಎದುರು ಗಾಳಿ ಇತ್ತು. ಬಿಟ್ಟ ಮೊರಗಳಲ್ಲಿ ಕೆಲವು ತಿರುಗಿ ದಡಕ್ಕೆ ಬಂದವು. ನಮ್ಮದೂ ಬಂದು ಅತ್ತೆಯ ಕಾಲ ಹತ್ತಿರ ನಿಂತಿತು. ಗಾಳಿ ಇದ್ದರೆ ಮೊರ ತಿರುಗದೆ ಇನ್ನೇನು ಮಾಡುತ್ತದೆ? ಆದರೆ ಯಾರೋ ಒಬ್ಬರು ಹಿಂದಿನಿಂದ, "ಗಂಗಮ್ಮ ಒಪ್ಕೊಳ್ಲಿಲ್ಲ" ಅಂದರು. ಅತ್ತೆಯ ಮುಖ ಸಣ್ಣದಾಯಿತು. ಮೈದುನ ಅವತ್ತು ರಜೆ ಹಾಕಿದ್ದ. ಅಮ್ಮನ ಮುಖ ನೋಡಿದ. ಪ್ಯಾಂಟು ಮಡಚಿಕೊಂಡು, "ಇಲ್ಲಿ ಕೊಡಮ್ಮ, ಮಧ್ಯಕ್ಕೆ ಬಿಟ್ಟು ಬರ್ತೀನಿ" ಎಂದು ತೆಲುಗಿನಲ್ಲಿ ಹೇಳಿದ. ಅತ್ತೆ ಮೊರವನ್ನು ನೀರಿನಿಂದ ಎತ್ತಿ ಅವನ ಕೈಗೆ ಕೊಟ್ಟರು.

ನಾನು, "ಏ, ಇಳೀಬೇಡ. ಆಚೆ ಗುಂಡಿ ಇದೆ" ಅಂದೆ.

"ಅತ್ತಿಗೆ, ಇದು ನಮ್ಮ ಪಿಚ್ಚು. ಕಣ್ಣು ಮುಚ್ಕೊಂಡು ನಡೀತೀನಿ. ಗುಂಡಿ ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ?"

ನಾನು ಸೀಟಿ ಊದಿದೆ. ಮಂಡಿಯಲ್ಲಿ ಲಾರಿ ನಿಲ್ಲಿಸುವ ಸೀಟಿ. ಅವನು ಮೊಣಕಾಲುದ್ದ ನೀರಿನಲ್ಲಿ ತಿರುಗಿ ನಿಂತು, ಒಂದು ಕೈಯಲ್ಲಿ ಮೊರ ಹಿಡಿದು, ಇನ್ನೊಂದು ಕೈಯಲ್ಲಿ ನನಗೆ ಸೆಲ್ಯೂಟ್ ಹೊಡೆದ. ಏರಿಯೆಲ್ಲ ನಕ್ಕಿತು. ನನಗೂ ನಗು ಬಂತು. ಎತ್ತರ ಮಾಡಿದ ಪಿಚ್ಚಿನ ಮೇಲೆ ನೀರು ಸೊಂಟದುದ್ದವೇ ಇತ್ತು, ಅವನು ನೆಟ್ಟಗೆ, ನಿಧಾನವಾಗಿ ನಡೆದ. ನಡುವೆ ಒಂದು ಕಡೆ ಕಾಲಿನಿಂದ ತಡವಿ, "ಕ್ರೀಸು ಸಿಕ್ತು ಕಣ್ರೋ!" ಎಂದು ಗೆಳೆಯರಿಗೆ ಕೂಗಿದ. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋಗಿ ಬಗ್ಗಿ ಮೊರ ಬಿಟ್ಟ.

ಗುಂಡಿ ಎಲ್ಲಿತ್ತು ಅಂತ ಅವನಿಗೆ ಗೊತ್ತಿತ್ತು, ಅದು ನಿಜ. ಗುಂಡಿಯ ಅಂಚು ಇಷ್ಟು ದಿನ ನೀರಿನಲ್ಲಿ ನೆನೆದು, ಕುಸಿದು, ಪಿಚ್ಚಿನ ಬುಡಕ್ಕೇ ಬಂದಿದೆ ಅಂತ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವನ ಕಾಲ ಕೆಳಗಿನ ಜೇಡಿ ಜಾರಿತು. ಒಂದು ಕೈ ಮೇಲೆ ಕಾಣಿಸಿತು. ಜನ ಇದೂ ತಮಾಷೆ ಅಂದುಕೊಂಡು ಇನ್ನೂ ನಗುತ್ತಿದ್ದರು. ಗಾಳಿ ತಿರುಗಿತ್ತೋ ಏನೋ, ಮೊರ ಮಾತ್ರ ತೇಲಿಕೊಂಡು ಕೆರೆಯ ಮಧ್ಯಕ್ಕೆ ಹೋಯಿತು.

ನಾನು ಬೂಟಿನಲ್ಲೇ ನೀರಿಗೆ ಓಡಿದೆ. ತೊಡೆಯ ತನಕ ಹೋಗುವಷ್ಟರಲ್ಲಿ ಮುದುಕರೊಬ್ಬರು ಹಿಂದಿನಿಂದ ಬೆಲ್ಟು ಹಿಡಿದು ಎಳೆದರು. ಅವರು ಆ ಕಾಲದ ಈಜುಗಾರರು, ಈಗ ಉಸಿರೇ ಸಾಲದು. "ಇನ್ನೊಂದ್ ಹೆಣ ಬೇಡ. ಯಾರನ್ನೂ ಇಳಿಯೋಕೆ ಬಿಡ್ಬೇಡ. ನಿಂಗೆ ಅದೊಂದೇ ಕೆಲ್ಸ ಈಗ" ಅಂದರು. ಗೆಳೆಯರು ಅಂಗಿ ಬಿಚ್ಚುತ್ತಿದ್ದರು. ಒಬ್ಬನಿಗೂ ಈಜು ಬರುವುದಿಲ್ಲ. ಆಗ ನನ್ನ ಗಂಟಲು ಬಂತು. ಏನು ಕೂಗಿದೆನೋ ನೆನಪಿಲ್ಲ, ಬೆತ್ತದಿಂದ ಒಬ್ಬನಿಗೆ ಹೊಡೆದದ್ದು ನೆನಪಿದೆ. ಅವರು ನಿಂತರು. ಅವತ್ತು ಮೊದಲ ಬಾರಿಗೆ ನಮ್ಮೂರು ನನ್ನ ಮಾತು ಕೇಳಿತು.

ಆಗ ಅತ್ತೆ ಓಡಿ ಬಂದರು. ನಾನು ಅಡ್ಡ ನಿಂತೆ. ಅವರು ನನ್ನನ್ನು ತಳ್ಳಿದರು. ನಾನು ಹಿಂದಿನಿಂದ ಎರಡೂ ತೋಳಿನ ಕೆಳಗೆ ಕೈ ಹಾಕಿ ಎದೆಗೆ ಒತ್ತಿ ಹಿಡಿದುಕೊಂಡೆ. ಅಷ್ಟು ಸಣ್ಣ ದೇಹ, ಅದರಲ್ಲಿ ಅಷ್ಟು ಬಲ ಎಲ್ಲಿತ್ತೋ. ಇಬ್ಬರೂ ಕೆಸರಿನಲ್ಲಿ ಕೂತೆವು. ನಾನು ಬಿಡಲಿಲ್ಲ. ಅತ್ತೆ ತೆಲುಗಿನಲ್ಲಿ ಕೂಗುತ್ತಿದ್ದರು. "ವದಲಮ್ಮಾ, ಪೊಲೀಸಮ್ಮಾ, ನನ್ನು ವದಲು. ನಾ ಬಿಡ್ಡ ಅಕ್ಕಡ ಉನ್ನಾಡು." ಬಿಡಮ್ಮಾ, ನನ್ನ ಮಗ ಅಲ್ಲಿದ್ದಾನೆ. ಅಷ್ಟು ವರ್ಷದಲ್ಲಿ ಅತ್ತೆ ನನ್ನ ಜೊತೆ ತೆಲುಗು ಆಡಿದ್ದು ಅದೇ ಮೊದಲು. ಪೊಲೀಸಮ್ಮಾ, ಪೊಲೀಸಮ್ಮಾ ಅಂತ ಮತ್ತೆ ಮತ್ತೆ ಕರೆದರು. ನಾನು, "ಅತ್ತೆ, ನಾನು, ನಿಮ್ಮ ಸೊಸೆ" ಅಂದೆ. ಕೇಳಿಸಿತೋ ಇಲ್ಲವೋ.

ಕೋಲಾರದಿಂದ ಅಗ್ನಿಶಾಮಕದವರು ಬಂದು ಮಧ್ಯಾಹ್ನದ ಹೊತ್ತಿಗೆ ಅವನನ್ನು ತೆಗೆದರು. ಅಷ್ಟು ಹೊತ್ತೂ ನಾನು ಹಿಡಿದುಕೊಂಡೇ ಇದ್ದೆ. ಹುಳು ಗೂಡು ಕಟ್ಟುವ ಚಂದ್ರಂಕಿ ತಟ್ಟೆ ಕೊಳ್ಳಲು ಹೋಗಿದ್ದ ನನ್ನ ಗಂಡ ಸುದ್ದಿ ಕೇಳಿ ಬಂದು ನಮ್ಮಿಬ್ಬರ ಮುಂದೆ ನಿಂತರು. ತಮ್ಮನನ್ನು ದಡಕ್ಕೆ ತಂದು ಮಲಗಿಸಿದ ಮೇಲೆ ನನ್ನ ಕೈಗಳನ್ನು ಅವರೇ ಬಿಡಿಸಿದರು. ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಹೆಣದ ಸುತ್ತ ಜನ ನುಗ್ಗುತ್ತಿದ್ದರು. ವಾಪಸ್ಸು ಬಂದಿದ್ದ ಸಬ್ ಇನ್ಸ್‌ಪೆಕ್ಟರು ನನ್ನನ್ನು ನೋಡಿ, "ಏಯ್ ಹೋಂ ಗಾರ್ಡ್, ಹಗ್ಗ ಹಿಡೀರಿ" ಅಂದರು. ಅವರಿಗೆ ಗೊತ್ತಿರಲಿಲ್ಲ. ನಾನು ಎದ್ದು ಹೋಗಿ ಹಗ್ಗ ಹಿಡಿದೆ. ಹಗ್ಗದ ಈ ಕಡೆ ನಾನು, ಆ ಕಡೆ ನನ್ನ ಮನೆಯವರು.

ಆಮೇಲೆ ಮನೆಗೆ ಬಂದು ಖಾಕಿ ಬಿಚ್ಚಿ, ಸೀರೆ ಉಟ್ಟು, ಹೆಂಗಸರ ನಡುವೆ ಕೂತೆ. ಅಳು ಬರಲಿಲ್ಲ. ಬಾಯಿ ತೆರೆದೆ, ಬರಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಅದು ನಮ್ಮ ಕಾಲೇ ಅಲ್ಲ ಅನ್ನಿಸುತ್ತದಲ್ಲ, ಹಾಗಿತ್ತು, ಮೈಯೆಲ್ಲ. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, "ಒಂದ್ ಹನಿ ಇಲ್ಲ ನೋಡು. ಖಾಕಿ ಹಾಕ್ಕೊಂಡು ಬಾಗಿನ ಬಿಟ್ರೆ ಗಂಗಮ್ಮ ಸುಮ್ನಿರ್ತಾಳಾ" ಅಂದದ್ದು ನನಗೂ ಕೇಳಿಸಿತು. ಹಳೆಯ ನಾನಾಗಿದ್ದರೆ ಎದ್ದು ಅವಳ ಜನ್ಮ ಜಾಲಾಡುತ್ತಿದ್ದೆ. ಅವತ್ತು ಯಾರೋ ಬೇರೆಯವರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಕೇಳಿಸಿಕೊಂಡು ಕೂತಿದ್ದೆ.

ತಿಥಿ ಮುಗಿದ ಮೇಲೆ ಅತ್ತೆಗೆ ಸ್ನಾನಕ್ಕೆ ನೀರು ಹುಯ್ಯುವಾಗ ಅವರ ತೋಳುಗಳ ಒಳಭಾಗ ಕಂಡಿತು. ನನ್ನ ಬೆರಳುಗಳು ಹಾಗೇ ಮೂಡಿದ್ದವು, ನೀಲಿ ತಿರುಗಿ ಹಳದಿಯಾಗಿ. ನಾನು ಸುಮ್ಮನೆ ನೀರು ಹುಯ್ದೆ. ಅತ್ತೆ ತೋಳು ಮಡಚಿಕೊಂಡು ಇನ್ನೊಂದು ಚೊಂಬು ನೀರಿಗೆ ತಲೆ ಬಗ್ಗಿಸಿದರು.

ನನ್ನ ಕಷ್ಟ ಇದು. ಅತ್ತೆ ಏನೂ ಅನ್ನಲಿಲ್ಲ. ನೀನು ಬಿಟ್ಟ ಬಾಗಿನದಿಂದಲೇ ಹೀಗಾಯಿತು ಅಂತ ಅನ್ನಲಿಲ್ಲ. ಅವನನ್ನು ಯಾಕೆ ತಡೆಯಲಿಲ್ಲ ಅಂತ ಕೇಳಲಿಲ್ಲ. ನನ್ನನ್ನು ಯಾಕೆ ತಡೆದೆ ಅಂತಲೂ ಕೇಳಲಿಲ್ಲ. ಮೊದಲು ಸಾರಿಗೆ ಒಂದು ಕಲ್ಲುಪ್ಪು ಹೆಚ್ಚಾದರೆ ಬೀದಿಗೆ ಕೇಳುವಂತೆ ಬೈಯುತ್ತಿದ್ದ ಹೆಂಗಸು. ಈಗ ಹಿಂಡಿ, ಹುಲ್ಲು, ಡೈರಿ, ಇಷ್ಟೇ ಮಾತು. ನನ್ನನ್ನು ನೋಡುವಾಗ ಅತ್ತೆಗೆ ಕಾಣುವುದು ಸೊಸೆಯೋ, ಅವತ್ತು ಕೆಸರಿನಲ್ಲಿ ಹಿಡಿದು ಕೂರಿಸಿದ ಪೊಲೀಸಮ್ಮನೋ, ಅದು ನನಗೆ ಗೊತ್ತಾಗಬೇಕಿತ್ತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಅದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಬೈದಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತು.

ಕೆಲಸ ಬಿಡು ಅಂತ ಗಂಡ ಹೇಳಿದರು. ಕಮಾಂಡರೂ, "ಸ್ವಲ್ಪ ದಿನ ಇರಮ್ಮ ಮನೇಲಿ" ಅಂದರು. ನಾನು ಹೋದೆ. ಹಠಕ್ಕಲ್ಲ. ಮನೆಯಲ್ಲಿ ಕೂತರೆ ಏನೂ ಅನ್ನಿಸುತ್ತಿರಲಿಲ್ಲ, ಮಂಡಿಯಲ್ಲಿ ನಿಂತರೂ ಏನೂ ಅನ್ನಿಸುತ್ತಿರಲಿಲ್ಲ, ನಿಂತರೆ ಹೊತ್ತಾದರೂ ಹೋಗುತ್ತಿತ್ತು. ಅತ್ತೆ ಖಾಕಿ ಒಗೆಯುವುದನ್ನು ನಿಲ್ಲಿಸಲಿಲ್ಲ. ಅದು ಕ್ಷಮೆಯೋ ಅಭ್ಯಾಸವೋ ನನಗೆ ತಿಳಿಯಲಿಲ್ಲ.

ನನಗೆ ಬೇರೊಂದು ಹೆಸರು ಬಂತು. ಆ ಸಬ್ ಇನ್ಸ್‌ಪೆಕ್ಟರು ನಮ್ಮೂರ ದಡದಲ್ಲಿ ನಾನು ಹಿಡಿದು ಕೂತದ್ದನ್ನು ನೋಡಿದ್ದರು. ನಾನು ಯಾರೆಂದು ಆಮೇಲೆ ಗೊತ್ತಾಗಿ ಜೆರಾಕ್ಸ್ ಅಂಗಡಿಗೆ ಹೋಗಿ ಕಮಾಂಡರ ಹತ್ತಿರ ಬೇಸರ ಪಟ್ಟುಕೊಂಡರಂತೆ. ಆದರೆ ಮುಂದಿನ ಸಲ ಇನ್ನೊಂದು ಕೆರೆಯಲ್ಲಿ ಹಾಗೇ ಆದಾಗ, "ಆವತ್ತು ಹಿಡ್ಕೊಂಡಿದ್ರಲ್ಲ, ಆ ಹೆಂಗಸನ್ನ ಕಳ್ಸಿ" ಅಂತ ಅವರೇ ಕೇಳಿದರು. ತುಂಬಿದ ಕೆರೆಗಳು ಬಹಳ ಇದ್ದವು. ಮಾಲೂರು ಕಡೆ ಬಿಟ್ಟುಹೋದ ಕಲ್ಲಿನ ಕ್ವಾರಿಗಳು, ಮುಳಬಾಗಿಲು ಕಡೆ ಬಾವಿಗಳು, ತೋಟ ತೋಟಕ್ಕೂ ಕೃಷಿ ಹೊಂಡ. ನೀರಿಗೆ ಬಿದ್ದು ಯಾರಾದರೂ ಹೋದರು ಅಂದರೆ ನನಗೆ ಫೋನು. ಸ್ಟೇಷನ್ನುಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಹಿಡ್ಕೊಳ್ಳೋ ಹೆಂಗಸು ಅಂದರೆ ಗೊತ್ತು.

ಹಿಡಿದುಕೊಳ್ಳುವುದಕ್ಕೂ ಒಂದು ರೀತಿ ಇದೆ, ಮಾಡುತ್ತಾ ಮಾಡುತ್ತಾ ಬಂತು. ಮಣಿಕಟ್ಟು ಹಿಡಿಯಬಾರದು, ಬಳೆ ಒಡೆದು ಚುಚ್ಚುತ್ತವೆ. ಮುಂದಿನಿಂದ ಅಪ್ಪಿಕೊಳ್ಳಬಾರದು, ನೀರು ಕಾಣದಂತೆ ಅಡ್ಡ ನಿಂತರೆ ಅವರಿಗೆ ಇನ್ನೂ ಹುಚ್ಚು ಹಿಡಿಯುತ್ತದೆ. ಹಿಂದಿನಿಂದ ಹಿಡಿದು, ನಾವೂ ಅವರ ಜೊತೆ ಕೂರಬೇಕು. ಸಮಾಧಾನ ಹೇಳಬಾರದು. ಹೇಳಿದ್ದೆಲ್ಲ ಸುಳ್ಳು ಅಂತ ಇಬ್ಬರಿಗೂ ಗೊತ್ತಿರುತ್ತದೆ. ಮೇಲೆ ತಂದಾಗ ಮುಖ ನೋಡಲು ಬಿಡಬೇಕು. ಜೊತೆಯ ಗಾರ್ಡುಗಳು, "ನಿಮಗೆ ಏನೂ ಆಗಲ್ವಾ ಅಕ್ಕ?" ಎಂದು ಕೇಳುತ್ತಾರೆ. ಏನೂ ಆಗುತ್ತಿರಲಿಲ್ಲ. ಬಿಗುಮಾನಕ್ಕೆ ಹೇಳುತ್ತಿಲ್ಲ, ನಿಜವಾಗಿ ಏನೂ ಆಗುತ್ತಿರಲಿಲ್ಲ. ಹಿಡಿದುಕೊಳ್ಳುತ್ತಿದ್ದೆ, ಬಿಡುತ್ತಿದ್ದೆ, ಬಸ್ಸು ಹತ್ತಿ ಮನೆಗೆ ಬಂದು ಹುಳುವಿಗೆ ಸೊಪ್ಪು ಹಾಕುತ್ತಿದ್ದೆ.

ಈ ವರ್ಷದ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಯ ಮುಂದೆ ಡ್ಯೂಟಿಯಲ್ಲಿದ್ದೆ. ಯಲ್ದೂರು ಕಡೆಯ ಒಂದು ಮಾವಿನ ತೋಪಿನಿಂದ ಸ್ಟೇಷನ್ನಿಗೆ ಫೋನು ಬಂತು. ನನ್ನನ್ನು ಮಂಡಿಯಿಂದಲೇ ಜೀಪಿಗೆ ಹತ್ತಿಸಿಕೊಂಡು ಹೋದರು. ತೋಪಿನವರ ಕಾಲೇಜಿಗೆ ಹೋಗುವ ಮಗಳು, ಕೃಷಿ ಹೊಂಡದಲ್ಲಿ ಬಿಂದಿಗೆ ಅದ್ದಲು ಹೋಗಿ ಜಾರಿದ್ದಳು. ಆ ಹೊಂಡಗಳಿಗೆ ಕಪ್ಪು ಪ್ಲಾಸ್ಟಿಕ್ ಹಾಸಿರುತ್ತಾರೆ. ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಒಮ್ಮೆ ಕಾಲು ಜಾರಿದರೆ ಮೇಲೆ ಬರಲು ಹಿಡಿತವೇ ಸಿಗುವುದಿಲ್ಲ. ನಾನು ಹೋದಾಗ ತಾಯಿಯನ್ನು ನಾಲ್ಕೈದು ಗಂಡಸರು ಹಿಡಿದುಕೊಳ್ಳಲು ಒದ್ದಾಡುತ್ತಿದ್ದರು. ನಾನು ಅವರನ್ನೆಲ್ಲ ಸರಿಸಿ ಹಿಂದಿನಿಂದ ಹಿಡಿದು ಕೂತೆ.

ಆ ತಾಯಿ ಕೂಗಲಿಲ್ಲ. ಸುಮ್ಮನಾದಳು ಅಂದುಕೊಂಡೆ. ತಲೆ ಬಗ್ಗಿಸಿ ನನ್ನ ಮುಂಗೈಗೆ ಬಾಯಿ ಹಾಕಿ ಕಚ್ಚಿದಳು. ಹಲ್ಲು ಒಳಗೆ ಹೋದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ನಾನು ಕೈ ತೆಗೆಯಲಿಲ್ಲ. ಮಗಳನ್ನು ತೆಗೆಯುವ ತನಕ ಅವಳೂ ಬಾಯಿ ತೆಗೆಯಲಿಲ್ಲ. ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಬಟ್ಟೆ ಸುತ್ತಿ ಕಳಿಸಿದರು.

ಮಾರನೆಯ ಬೆಳಿಗ್ಗೆ ಅತ್ತೆ ಹಾಲು ಕರೆಯುತ್ತಿದ್ದರು. ನಾನು ಡೈರಿಗೆ ಒಯ್ಯಲು ಕ್ಯಾನು ಹಿಡಿದು ಪಕ್ಕದಲ್ಲಿ ನಿಂತೆ. ಸೆರಗು ಸರಿದು ಸುತ್ತಿದ ಬಟ್ಟೆ ಕಾಣಿಸಿತು.

"ಏನೇ ಅದು ಕೈಗೆ?"

"ಕಚ್ಚಿದ್ರು."

"ನಾಯಾ?"

"ಅಲ್ಲ ಅತ್ತೆ. ನಿನ್ನೆ ಯಲ್ದೂರಲ್ಲಿ. ಮಗಳು ಹೊಂಡಕ್ಕೆ ಬಿದ್ದಿದ್ಲು. ತಾಯಿನ ಹಿಡ್ಕೊಂಡಿದ್ದೆ."

ಅತ್ತೆಯ ಕೈ ನಿಲ್ಲಲಿಲ್ಲ. ಬಕೆಟ್ಟಿಗೆ ಹಾಲು ಬೀಳುತ್ತಲೇ ಇತ್ತು.

"ಕಚ್ಚಿದ್ಮೇಲೆ ಬಿಟ್ಯಾ?"

"ಇಲ್ಲ."

ಅತ್ತೆ ಹಸುವಿಗೆ ಹೇಳುವ ಹಾಗೆ, "ನಂಗೆ ಕಚ್ಚೋದು ಹೊಳೀಲೇ ಇಲ್ಲ ನೋಡು" ಅಂದರು.

ಅಷ್ಟು ದಿನ ಬಾಯಿಗೆ ಬರದಿದ್ದದ್ದು ಆಗ ಬಂದುಬಿಟ್ಟಿತು. "ಅತ್ತೆ, ಅವತ್ತು ನಿಮಗೆ ನಾನು ಅಂತ ಗೊತ್ತಾಗ್ಲಿಲ್ವಾ? ಪೊಲೀಸಮ್ಮಾ ಪೊಲೀಸಮ್ಮಾ ಅಂದ್ರಿ."

"ಗೊತ್ತಾಗ್ದೆ ಏನು? ವಾರ ವಾರ ನನ್ನ ತಲೆಗೆ ಎಣ್ಣೆ ತಿಕ್ಕೋ ಕೈ ಅದು. ಮುಟ್ಟಿದ ತಕ್ಷಣ ಗೊತ್ತಾಯ್ತು."

"ಮತ್ಯಾಕೆ ಹಾಗೆ ಕರೆದ್ರಿ?"

ಅತ್ತೆ ಕರೆಯುವುದನ್ನು ನಿಲ್ಲಿಸಿ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡರು. "ಸೊಸೆ ಬಿಡಲ್ಲ ಅಂತ ಗೊತ್ತಿತ್ತು ಕಣೇ. ಪೊಲೀಸಮ್ಮ ಆದ್ರೂ ಬಿಡ್ತಾಳೇನೋ ಅಂತ ಕೇಳ್ದೆ."

ಆಮೇಲೆ ಬಕೆಟ್ಟನ್ನು ನನ್ನ ಕಡೆ ಸರಿಸಿ, ಇನ್ನೊಂದು ಹಸುವಿನ ಕೆಚ್ಚಲು ತೊಳೆಯಲು ಎದ್ದು ಹೋದರು. ನಾನು ಹಾಲನ್ನು ಕ್ಯಾನಿಗೆ ಬಗ್ಗಿಸಲು ಹೋದೆ. ಹಾಲು ಕಲ್ಲಿನ ಮೇಲೆಲ್ಲ ಹೋಯಿತು. ಕಚ್ಚಿದ ಜಾಗ ಆಗ ಉರಿಯತೊಡಗಿತು. ಎಷ್ಟು ಉರಿಯಿತೆಂದರೆ ಕ್ಯಾನು ಬಿಟ್ಟು ಹಸುವಿನ ಪಕ್ಕದಲ್ಲೇ ಕುಸಿದು ಕೂತು, ಬಾಯಿಗೆ ಸೆರಗು ತುರುಕಿಕೊಂಡು, ನಾನು ನನ್ನ ಮೈದುನನಿಗಾಗಿ ಅಳತೊಡಗಿದೆ.